ಇಟ್ಟಿಗೆ ಕೈಗೆ ಬರುವ ತನಕ

ಬೋಸ್ಟನ್ನಿನಲ್ಲಿ 1885ರಲ್ಲಿ ಹದಿನೇಳರ ಹುಡುಗನೊಬ್ಬ ಗಾರೆ ಕೆಲಸ ಕಲಿಯಲು ಸೇರಿಕೊಂಡ. ಅವನಿಗೊಂದು ತಕರಾರು. ಮೇಸ್ತ್ರಿಗಳು ಹೇಳಿಕೊಡುವಾಗ ಒಂದು ರೀತಿ ಕೈಯಾಡಿಸುತ್ತಾರೆ, ನಿಧಾನವಾಗಿ ಕಟ್ಟುವಾಗ ಇನ್ನೊಂದು ರೀತಿ, ಅವಸರ ಬಿದ್ದಾಗ ಬೇರೆಯೇ ರೀತಿ. ತಾನು ಕಲಿಯಬೇಕಾದದ್ದು ಯಾವುದನ್ನು? ಆ ಹುಡುಗ ಫ್ರಾಂಕ್ ಗಿಲ್‌ಬ್ರೆತ್, ಮುಂದೆ ದೊಡ್ಡ ಕಂಟ್ರಾಕ್ಟರ್ ಆದ. 1909ರಲ್ಲಿ ‘ಬ್ರಿಕ್‌ಲೇಯಿಂಗ್ ಸಿಸ್ಟಮ್’ ಎಂಬ ಪುಸ್ತಕ ಬರೆದ. ಸೈಟಿನಲ್ಲಿ ಕೆಲಸ ಬೇಗ ಸಾಗಿಸುವುದು ಹೇಗೆ ಎಂಬ ಚರ್ಚೆಯಲ್ಲಿ ಇವತ್ತಿಗೂ ಅವನ ಹೆಸರು ಬರುತ್ತದೆ. ಬರಬೇಕಾದದ್ದೇ. ಆದರೆ ಬರುವ ಕಾರಣ ಸರಿಯಿಲ್ಲ ಎಂಬುದು ನನ್ನ ದೂರು.

ಎಲ್ಲರೂ ಹೇಳುವುದು ಎರಡು ಲೆಕ್ಕ. ಒಂದು ಇಟ್ಟಿಗೆ ಕೂರಿಸಲು ಕೈಮೈ 18 ಸಲ ಆಡುತ್ತಿದ್ದದ್ದು 5ಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಕಟ್ಟುತ್ತಿದ್ದವರು 350 ಕಟ್ಟಿದರು. ಇದನ್ನು ಊರಿಗೆಲ್ಲ ಸಾರಿದವನು ವೈಜ್ಞಾನಿಕ ಕಾರ್ಯನಿರ್ವಹಣೆಯ ಪ್ರತಿಪಾದಕ ಫ್ರೆಡರಿಕ್ ಟೇಲರ್, 1911ರ ತನ್ನ ಪುಸ್ತಕದಲ್ಲಿ. ಅವನ ವಾಕ್ಯವನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. 350 ಎಂಬುದು ಆರಿಸಿ ತೆಗೆದ ಕೆಲಸಗಾರರು ಹೊಸ ವಿಧಾನದಲ್ಲಿ ಕೈ ಪಳಗಿದ ಮೇಲೆ ಕಟ್ಟಿದ್ದು. 120 ಎಂಬುದು ಆ ಸೀಮೆಯಲ್ಲಿ ಹಳೆಯ ಪದ್ಧತಿಯ ಸರಾಸರಿ. ಗರಡಿಯ ಪೈಲ್ವಾನನನ್ನು ಸಂತೆಗೆ ಬಂದವರ ಪಕ್ಕ ನಿಲ್ಲಿಸಿ ಅಳೆದ ಹಾಗೆ ಇದು. ಲಾಭ ಆದದ್ದು ನಿಜ. ಹತ್ತಿರ ಹತ್ತಿರ ಮೂರು ಪಟ್ಟು ಎಂಬುದನ್ನು ಹಾಗೇ ನುಂಗಬೇಕಿಲ್ಲ.

ಗಿಲ್‌ಬ್ರೆತ್‌ನ ನಿಜವಾದ ಕಣ್ಣು ಇರುವುದು ಬೇರೆ ಕಡೆ. ಎರಡೂಕಾಲು ಕಿಲೋ ತೂಗುವ ಇಟ್ಟಿಗೆ ಎತ್ತಲು ಗಾರೆಯವನು ತನ್ನ ಎಪ್ಪತ್ತು ಕಿಲೋ ಮೈಯನ್ನು ಎರಡು ಅಡಿ ಬಗ್ಗಿಸಿ ಮತ್ತೆ ಎತ್ತುತ್ತಾನೆ, ದಿನಕ್ಕೆ ಸುಮಾರು ಸಾವಿರ ಸಲ. ಶತಮಾನಗಳಿಂದ ಎಲ್ಲರೂ ಇದನ್ನು ನೋಡಿದ್ದರು, ಯಾರಿಗೂ ಇದು ಕಂಡಿರಲಿಲ್ಲ. ಅವನು ಎತ್ತರ ಬದಲಿಸಬಹುದಾದ ಸಾರುವೆ ಮಾಡಿಸಿದ. ಗೋಡೆ ಏರಿದಂತೆ ಸಾರುವೆಯೂ ಏರುತ್ತದೆ; ಇಟ್ಟಿಗೆ, ಗಾರೆ, ಮನುಷ್ಯ, ಗೋಡೆ ಇವುಗಳ ನಡುವಿನ ಅಂತರ ಮಾತ್ರ ಬದಲಾಗದು. ಇಟ್ಟಿಗೆಗಳನ್ನು ಮೊದಲೇ ಆರಿಸಿ, ಒಳ್ಳೆಯ ಮುಖ ಮೇಲಿರುವಂತೆ ಮರದ ಚೌಕಟ್ಟಿನಲ್ಲಿ ಜೋಡಿಸಿ ತಂದಿಡುವ ವ್ಯವಸ್ಥೆ ಮಾಡಿದ. ಹಾಗಾಗಿ ಇಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ಮುರುಗಿಸಿ ನೋಡುವುದು ತಪ್ಪಿತು. ಗಾರೆಯ ಹದವನ್ನೂ ಗೊತ್ತುಮಾಡಿದ. ಕರಣೆಯ ಹಿಡಿಯಿಂದ ಇಟ್ಟಿಗೆಯ ತಲೆಗೆ ಕುಟ್ಟುವ ಕೆಲಸ ಬೇಡವಾಯಿತು. ಇದರಲ್ಲಿ ಗಾರೆಯವನಿಗೆ ‘ಬೇಗ ಬೇಗ’ ಎಂದು ಹೇಳಿದ್ದು ಎಲ್ಲಿದೆ? ಅವನ ಕೈ ಸೇರುವ ಮುಂಚೆ ಇಟ್ಟಿಗೆ ನಡೆಯುವ ದಾರಿಯನ್ನು ಸರಿಮಾಡಿದ್ದು, ಅಷ್ಟೇ. ಗಿಲ್‌ಬ್ರೆತ್‌ನ ಪುಸ್ತಕದ ತೂಕವೆಲ್ಲ ಇಲ್ಲಿದೆ.

ನಮ್ಮಲ್ಲಿ ಆ ದಾರಿ ಹೇಗಿದೆ ಎಂದು ತಿಳಿಯಲು ಬೆಂಗಳೂರಿನ ಯಾವುದೇ ಹೊಸ ಬಡಾವಣೆಯ ಸೈಟಿನ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಸಾಲಿಡ್ ಬ್ಲಾಕು ರಸ್ತೆ ಪಕ್ಕದಲ್ಲಿ, ಲಾರಿಯವನು ತನಗೆ ಅನುಕೂಲವಾದ ಕಡೆ ಇಳಿಸಿದ್ದಾನೆ. ಎಂ ಸ್ಯಾಂಡ್ ಎದುರು ಮನೆಯವರ ಗೇಟಿನ ಬಳಿ. ಗೋಡೆ ಏಳುತ್ತಿರುವುದು ಎರಡನೇ ಮಹಡಿಯಲ್ಲಿ. ಆರಂಗುಲದ ಒಂದು ಬ್ಲಾಕು ಇಪ್ಪತ್ತು ಕಿಲೋ ಮೀರುತ್ತದೆ. ಅದು ತಲೆಯ ಮೇಲೆ, ಕಟಕಟೆ ಇಲ್ಲದ ಮೆಟ್ಟಿಲು ಹತ್ತಿ ಹೋಗಬೇಕು. ಹೊರುವವರು ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ಗಂಡಹೆಂಡಿರು. ಹೆಂಡತಿಗೆ ಕೂಲಿ ಕಡಿಮೆ. ಮೇಲೆ ಮೇಸ್ತ್ರಿ ಕರಣೆ ಹಿಡಿದು ಕೆಳಗೆ ಕೂಗುತ್ತಿರುತ್ತಾನೆ. ಬ್ಲಾಕು ಬಂದರೆ ಕಲಸಿದ ಸಿಮೆಂಟು ಬಂದಿರುವುದಿಲ್ಲ, ಅದು ಬಂದರೆ ನೀರಿನ ಡ್ರಮ್ ಖಾಲಿ. ಈ ಹೊತ್ತಿಗೆ ಸರಿಯಾಗಿ ಮನೆ ಯಜಮಾನರು ಬೈಕು ನಿಲ್ಲಿಸಿ, ನಿಂತಿರುವ ಮೇಸ್ತ್ರಿಯನ್ನು ನೋಡಿ, ‘ಈ ಜನಕ್ಕೆ ಕೆಲಸ ಬೇಡ’ ಎಂದು ತೀರ್ಮಾನಿಸುತ್ತಾರೆ. ಆ ಯಜಮಾನರಲ್ಲಿ ನಾನೂ ಒಬ್ಬನಾಗಿದ್ದೆ.

ಗಿಲ್‌ಬ್ರೆತ್‌ನ ಕೊರತೆಯೂ ಇಲ್ಲೇ ಕಣ್ಣಿಗೆ ಬೀಳುತ್ತದೆ. ಆ 350ರ ಲೆಕ್ಕ ಗಾರೆಯವನ ಗಂಟೆಯದು. ಇಟ್ಟಿಗೆ ಆರಿಸಿ ಜೋಡಿಸಿದವನ, ಸಾರುವೆ ಏರಿಸಿದವನ ಗಂಟೆ ಅದರಲ್ಲಿ ಕಾಣುವುದಿಲ್ಲ. ಹೆಂಡತಿ ಲಿಲಿಯನ್ ಜೊತೆ ಸೇರಿ 1916ರಲ್ಲಿ ದಣಿವಿನ ಬಗ್ಗೆಯೇ ಪುಸ್ತಕ ಬರೆದವನು, ಅವನಿಗೆ ಕನಿಕರ ಇರಲಿಲ್ಲ ಎನ್ನಲಾಗದು. ಆದರೂ ಅವನ ಲೆಕ್ಕದಲ್ಲಿ ನಡುವೆ ನಿಂತವನು ಕುಶಲಿ, ಸುತ್ತ ಓಡಾಡುವವರು ನೆರಳು. ನಮ್ಮ ಸೈಟಿನಲ್ಲಿ ಬೆವರಿನ ದೊಡ್ಡ ಪಾಲು ಆ ನೆರಳಿನದೇ.

ಅವನ ಪುಸ್ತಕ ಮುಟ್ಟದ ಇನ್ನೊಂದು ವಿಷಯ, ಒಬ್ಬರ ಕೆಲಸ ಇನ್ನೊಬ್ಬರನ್ನು ಕಾಯಿಸುವುದು. ಅದನ್ನು ಹಿಡಿದವನು ಅಮೆರಿಕದ ಕಟ್ಟಡ ನಿರ್ಮಾಣ ಸಂಶೋಧಕ ಗ್ಲೆನ್ ಬ್ಯಾಲಾರ್ಡ್. ವಾರದ ಯೋಜನೆಯಲ್ಲಿ ಒಪ್ಪಿಕೊಂಡ ಕೆಲಸಗಳಲ್ಲಿ ಹೇಳಿದಂತೆ ಮುಗಿದವು ಎಷ್ಟು ಎಂದು 1990ರ ದಶಕದಲ್ಲಿ ಅವನೂ ಸಂಗಡಿಗರೂ ಎಣಿಸುತ್ತಾ ಹೋದರು. ಸಿಕ್ಕ ಉತ್ತರ, ಅರ್ಧದ ಆಸುಪಾಸು. ಅವನ ಪದ್ಧತಿಯ ಹೆಸರು ‘ಲಾಸ್ಟ್ ಪ್ಲಾನರ್’. ನಾಳೆ ಯಾರು ಏನು ಮಾಡಬೇಕೆಂದು ಕೊನೆಗೆ ಹೇಳುವವನೇ ಆ ಕಡೆಯ ಯೋಜಕ, ನಮ್ಮಲ್ಲಾದರೆ ಮೇಸ್ತ್ರಿ. ಸಾಮಾನು, ನಕ್ಷೆ, ಜಾಗ, ಹಿಂದಿನವರ ಕೆಲಸ ಎಲ್ಲ ಸಿದ್ಧವಿದ್ದರೆ ಮಾತ್ರ ಅವನು ಒಪ್ಪಿಕೊಳ್ಳಬೇಕು. ಆಗದೆ ಉಳಿದದ್ದಕ್ಕೆ ಕಾರಣ ಬರೆದಿಡಬೇಕು. ಬೈಗುಳಕ್ಕಲ್ಲ, ಮುಂದಿನ ವಾರ ಅದೇ ಕಾರಣ ಮರಳಿ ಬರದಿರಲಿ ಎಂದು.

ವಿಧಾನ ಸರಳ, ಖರ್ಚಿಲ್ಲ. ನನ್ನ ಮಟ್ಟಿಗೆ ಗಿಲ್‌ಬ್ರೆತ್‌ಗಿಂತ ಒಂದು ಹೆಜ್ಜೆ ಮುಂದಿನದು. ಆದರೆ ಅದು ಮೇಸ್ತ್ರಿಗೆ ‘ಆಗಲ್ಲ’ ಎನ್ನುವ ಹಕ್ಕು ಇದೆ ಎಂದುಕೊಂಡು ಹೊರಡುತ್ತದೆ. ‘ಸೋಮವಾರಕ್ಕೆ ಲಿಂಟಲ್ ಆಗುತ್ತೇನಪ್ಪಾ?’ ಎಂದು ಕೇಳಿದರೆ ನಮ್ಮ ಮೇಸ್ತ್ರಿ ‘ಆಗುತ್ತೆ ಸಾರ್’ ಎನ್ನದೆ ಇನ್ನೇನು ಹೇಳಿಯಾನು? ಶನಿವಾರದ ಬಟವಾಡೆ ಆ ಉತ್ತರಕ್ಕೆ ಗಂಟು ಬಿದ್ದಿದೆ. ‘ಕಬ್ಬಿಣ ಬಂದಿಲ್ಲ, ಆಗಲ್ಲ’ ಎಂದವನು ಸೋಮಾರಿ ಎನಿಸಿಕೊಳ್ಳುವ ಕಡೆ, ಈ ಪದ್ಧತಿಯ ವಾರದ ಯೋಜನೆ ಬರೆದು ಸೈಟ್ ಆಫೀಸಿನ ಗೋಡೆಗೆ ಅಂಟಿಸಿದ ಬಣ್ಣದ ಚೀಟಿಗಳು ಹಬ್ಬದ ತೋರಣವಾಗಿಯೇ ಉಳಿಯುತ್ತವೆ.

ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಸಾಮಾನ್ಯವಾಗಿರುವ ಮೈವಾನ್ ಶಟರಿಂಗನ್ನು ನೋಡಿ, ಎಲ್ಲ ಮೊದಲೇ ಸಿದ್ಧವಿರಬೇಕು ಎಂಬುದಕ್ಕೆ ಅದೂ ಒಂದು ಉದಾಹರಣೆ. ಗೋಡೆ, ತಾರಸಿ ಒಟ್ಟಿಗೇ ಎರಕವಾಗುವ ಅಲ್ಯೂಮಿನಿಯಂ ಅಚ್ಚು. ಹಗುರ ಲೋಹದಿಂದ ವೇಗ ಬಂತು ಎನ್ನುತ್ತಾರೆ. ಅರ್ಧ ನಿಜ. ಕಾಂಕ್ರೀಟ್ ಸುರಿಯುವ ಮುಂಚೆ ಕರೆಂಟಿನ ಪೈಪು, ಸ್ವಿಚ್ಚಿನ ಡಬ್ಬಿ, ಕಿಟಕಿಯ ಜಾಗ ಎಲ್ಲವನ್ನೂ ತೀರ್ಮಾನಿಸದೆ ಅಲ್ಲಿ ಗತಿಯಿಲ್ಲ. ಉಳಿದ ಅರ್ಧ ವೇಗ ಬಂದದ್ದು ಈ ಬಲವಂತದಿಂದ. ಆಮೇಲೆ ಗೋಡೆ ಒಡೆಸಲಾಗದು ಎಂಬ ಗೊಣಗಾಟ ಮನೆ ಕೊಂಡವರದು, ಅದೂ ನ್ಯಾಯವೇ.

ನನ್ನ ಮನೆಯಲ್ಲಿ ಅಂಥ ಬಲವಂತ ಇರಲಿಲ್ಲ. ಪ್ಲಾಸ್ಟರಿಂಗ್ ಒಣಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಗೋಡೆ ಕೊರೆದ. ಕೊರೆದದ್ದನ್ನು ಮುಚ್ಚಲು ಮತ್ತೆ ಮೇಸ್ತ್ರಿ ಬಂದ. ಎರಡು ಸಲ ಕೂಲಿ ಕೊಟ್ಟೆ. ಟಿವಿ ಯಾವ ಗೋಡೆಗೆ ಎಂದು ತೀರ್ಮಾನಿಸಲು ತಿಂಗಳುಗಟ್ಟಲೆ ತೆಗೆದುಕೊಂಡವರು ನಾವು ಗಂಡಹೆಂಡತಿ. ಕೆಲಸ ತಡವಾಯಿತೆಂದು ಬೈಸಿಕೊಂಡವನು ಮೇಸ್ತ್ರಿ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ. ನಾಳೆ ಸೈಟಿಗೆ ಹೋದಾಗ ಎಷ್ಟು ವರಸೆ ಆಯಿತು ಎಂದು ಕೇಳುವ ಮೊದಲು, ಏನೇನು ಇನ್ನೂ ಬಂದಿಲ್ಲ ಎಂದು ಮೇಸ್ತ್ರಿಯನ್ನು ಕೇಳಿ. ಮೊದಲ ದಿನ ಅವರು ‘ಎಲ್ಲಾ ಬಂದಿದೆ ಸಾರ್’ ಎನ್ನುತ್ತಾರೆ. ಮರುದಿನವೂ ಕೇಳಿ.