ಸೆಲ್ಫ್ ಹೊಡೆಯುವ ಮುನ್ನ

ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಗ್ಯಾರೇಜಿನಲ್ಲಿ ಮೊದಲು ನಡೆಯುವುದು ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು. ಮಾಡಬಾರದ ಕೆಲಸವೂ ಅದೇ. ನಿನ್ನೆಯವರೆಗೆ ಓಡಿದ ಗಾಡಿಯ ಇಂಜೆಕ್ಟರೋ ಪಂಪೋ ಬೆಲ್ಟ್ ಬಿಚ್ಚಿದ ದಿನವೇ ತಾನಾಗಿ ಕೆಡುವ ಸಂಭವ ತೀರ ಕಡಿಮೆ. ಕೈಯಾಡಿದ ಜಾಗವನ್ನೇ ಮೊದಲು ಅನುಮಾನಿಸಬೇಕು. ಡಸ್ಟರ್‌ನಲ್ಲಿದ್ದ 1461 ಸಿಸಿ ಡೀಸೆಲ್‌ನಂಥ ಇಂಜಿನ್‌ಗಳಲ್ಲಿ ವಾಲ್ವೂ ಪಿಸ್ಟನ್ನೂ ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೋಗುತ್ತವೆ. ಬೆಲ್ಟ್ ಕೆಲವು ಹಲ್ಲು ತಪ್ಪಿ ಕೂತರೆ ಎರಡೂ ಗುದ್ದಿಕೊಳ್ಳುತ್ತವೆ. ವಾಲ್ವ್ ಬಾಗಲು ಇಂಜಿನ್ ಓಡಲೇಬೇಕೆಂದಿಲ್ಲ, ಸೆಲ್ಫ್ ಮೋಟರ್ ಕೊಡುವ ನಿಮಿಷಕ್ಕೆ 200ರಷ್ಟು ಸುತ್ತೇ ಸಾಕು.

ಅದಾಗಲೇ ಒಮ್ಮೆ ಹೊಡೆದಾಗಿದ್ದರೆ ಆ ಸದ್ದನ್ನು ನೆನಪಿಸಿಕೊಳ್ಳಿ. ತಿಣುಕಿ, ಸಡಿಲವಾಗಿ, ಮತ್ತೆ ತಿಣುಕಿದ್ದರೆ ಕಂಪ್ರೆಷನ್ ಇದೆ. ತಡೆಯೇ ಇಲ್ಲದೆ ಸರ್ರೆಂದು ತಿರುಗಿದ್ದರೆ ವಾಲ್ವುಗಳು ಮುಚ್ಚುತ್ತಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಮುಂದಿನ ಕೆಲಸ ಪಾನಾದ್ದು: ಕ್ರ್ಯಾಂಕ್ ಬೋಲ್ಟಿಗೆ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸುವುದು. ಕಂಪ್ರೆಷನ್ನಿನ ತಡೆ ಒತ್ತಿದಷ್ಟೂ ನಿಧಾನವಾಗಿ ಬಿಟ್ಟುಕೊಡುತ್ತದೆ. ವಾಲ್ವಿಗೆ ತಾಗಿದರೆ ಪಾನಾ ಟಣ್ಣನೆ ನಿಂತುಬಿಡುತ್ತದೆ, ಅಲ್ಲಿ ಬಲ ತೋರಿಸಬಾರದು. ಎರಡು ಸುತ್ತೇ ಏಕೆಂದರೆ, ಕ್ರ್ಯಾಂಕ್ ಎರಡು ಸುತ್ತಿದಾಗ ಕ್ಯಾಮ್ ಸುತ್ತುವುದು ಒಂದೇ. ಒಂದು ಸುತ್ತಿಗೇ ನಿಲ್ಲಿಸಿ, ಕ್ಯಾಮ್ ಮಾರ್ಕ್ ಕೆಳಗಿದೆಯೆಂದು ಗಾಬರಿಯಾಗಿ ಬೆಲ್ಟ್ ಬಿಚ್ಚುವವರಿದ್ದಾರೆ. ಅದು ದೋಷವಲ್ಲ, ಇನ್ನೊಂದು ಸುತ್ತಿಗೆ ಮೇಲೆ ಬರುತ್ತದೆ. ಟೆನ್ಷನರ್ ಬಿಗಿಮಾಡುವಾಗ ಬೆಲ್ಟಿನ ಸಡಿಲು ಎಳೆದುಕೊಂಡು, ಸರಿಯಾಗಿದ್ದ ಮಾರ್ಕ್ ಒಂದು ಹಲ್ಲು ಸರಿದಿದ್ದರೂ ಈಗಲೇ ಗೊತ್ತಾಗುವುದು. ಹೊರಗಿನ ದೊಡ್ಡ ಪುಲ್ಲಿಯ ಗೀಟನ್ನು ನೋಡಿ ಒಳಗಿನ ಹಲ್ಲುಗಾಲಿಯ ಮಾರ್ಕ್ ಮರೆತಿದ್ದರಂತೂ ತಪ್ಪು ಶುರುವಿನಿಂದಲೇ ಇರುತ್ತದೆ.

ಸ್ಕ್ಯಾನರ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಕ್ಯಾಮ್ ಮತ್ತು ಕ್ರ್ಯಾಂಕ್ ಸೆನ್ಸರುಗಳ ಲೆಕ್ಕ ತಾಳೆಯಾಗದಿದ್ದರೆ ಅದು ಪಿ0016 ತೋರಿಸುತ್ತದೆ, ನಿಜ. ಆದರೆ ಆ ಕೋಡ್ ಬರಬೇಕಾದರೂ ಇಂಜಿನ್ ತಿರುಗಬೇಕು. ಯಾವುದನ್ನು ತಪ್ಪಿಸಬೇಕೋ ಅದನ್ನೇ ಮಾಡಿದಂತಾಯಿತು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಒಂದು ಹಲ್ಲು ತಪ್ಪಿದರೂ ಗಾಡಿ ಸ್ಟಾರ್ಟ್ ಆಗುತ್ತದಲ್ಲ? ಕ್ರ್ಯಾಂಕ್ ಗಾಲಿಗೆ 20 ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ 18 ಡಿಗ್ರಿ; ಅಷ್ಟಕ್ಕೆ ಪಿಕಪ್ ಸತ್ತು, ನಡುಗುತ್ತಾ ಓಡುವ ಇಂಜಿನ್‌ಗಳು ಬೇಕಾದಷ್ಟಿವೆ. ಹಾಗಾಗಿ ಮಾರ್ಕ್ ಸರಿಯಿದ್ದು, ತಿಣುಕೂ ಸರಿಯಿದ್ದರೆ ಬೆಲ್ಟನ್ನು ಬಿಟ್ಟುಬಿಡಬೇಕು. ಕೆಲಸದ ಜಾಗಕ್ಕಾಗಿ ಕಿತ್ತಿಟ್ಟ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಕವರಿನ ಹಿಂದೆ ಜೋತಾಡುತ್ತಿರುವುದು ಅಪರೂಪವೇನಲ್ಲ. ಹಲವು ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗದಿರುವುದೇ ಅದರ ಸುಳಿವು. ಮಾರ್ಕ್ ಸರಿಪಡಿಸಿದ ಮೇಲೂ ಕಂಪ್ರೆಷನ್ ಬಾರದಿದ್ದರೆ, ಆಯಾ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವ ಹೊತ್ತಿಗೆ ನಿಲ್ಲಿಸಿ ಗಾಳಿ ತುಂಬಬೇಕು. ಸೈಲೆನ್ಸರಿನಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಬುಸ್ಸೆಂದರೆ ಇನ್‌ಟೇಕ್. ಹೆಡ್ ಬಿಚ್ಚಿಸುವ ಖರ್ಚಿಗೆ ಮಾಲೀಕರು ಅಲ್ಲಿಯವರೆಗೆ ಒಪ್ಪಬೇಕಿಲ್ಲ.