ಔಟಾದ ರೈಡರ್‌ನನ್ನು ಒಳಗೆ ಕರೆತರುವವರು ಯಾರು?
ಹೊಸ ಕಬಡ್ಡಿ ರಸಿಕರಿಗೊಂದು ಕೈಪಿಡಿ

ಬೆಂಗಳೂರು ಬುಲ್ಸ್ ತಂಡಕ್ಕೆ ಮುಖ್ಯ ರೈಡರ್ ಯಾರಾಗಬೇಕು? ಪ್ರೊ ಕಬಡ್ಡಿ ಹತ್ತಿರ ಬಂತೆಂದರೆ ಬೀರೂರಿನ ಚಹಾದಂಗಡಿಗಳಲ್ಲಿ ಅಡಿಕೆ ರೇಟಿನ ಮಾತು ಮುಗಿಯುವ ಮೊದಲೇ ಈ ಪ್ರಶ್ನೆ ಏಳುತ್ತದೆ. ಹೊಸಬರು ಬೆಂಚಿನ ತುದಿಯಲ್ಲಿ ಕೂತು ಸುಮ್ಮನೆ ಕೇಳುತ್ತಾರೆ. ಅವರಿಗೆ ಆಟ ಗೊತ್ತಿಲ್ಲವೆಂದಲ್ಲ. ಶಾಲೆಯ ಮೈದಾನದಲ್ಲಿ ಮೊಣಕಾಲು ತರಚಿಕೊಂಡವರೇ ಎಲ್ಲರೂ. ಆದರೆ ಆಡಿದ ಆಟವನ್ನು ನೋಡಿ ಸವಿಯಲು, ಸವಿದು ವಾದಿಸಲು ಬೇರೆಯೇ ಕಣ್ಣು ಬೇಕು. ಈ ಕೈಪಿಡಿ ಅವರಿಗಾಗಿ.

1. ಮೊದಲು ಹೊರಗೆ ಕೂತವರನ್ನು ನೋಡಿ

ಗೆರೆ ದಾಟಿ ಎದುರಾಳಿಯ ಅಂಗಳಕ್ಕೆ ನುಗ್ಗುವವನ ಮೇಲೆಯೇ ಎಲ್ಲರ ಕಣ್ಣು. ನೀವು ಒಮ್ಮೆ ಅಂಕಣದ ಹಿಂದಿರುವ ಸಿಟ್ಟಿಂಗ್ ಬ್ಲಾಕ್ ಕಡೆ ನೋಡಿ. ಔಟಾದವರು ಅಲ್ಲಿ ಸಾಲಾಗಿ ಕೂತಿರುತ್ತಾರೆ. ಎದುರು ತಂಡದ ಒಬ್ಬನನ್ನು ಔಟ್ ಮಾಡಿದರೆ ನಮ್ಮ ಒಬ್ಬನಿಗೆ ಜೀವ ಬರುತ್ತದೆ, ಅದೂ ಔಟಾದ ಸರದಿಯಲ್ಲೇ. ಬೋನಸ್ ಗೆರೆ ದಾಟಿ ಬಂದರೆ ಅಂಕವೇನೋ ಸಿಗುತ್ತದೆ, ಆದರೆ ಹೊರಗೆ ಕೂತವನು ಏಳುವಂತಿಲ್ಲ.

ಈ ಒಂದು ನಿಯಮದಲ್ಲಿ ಕಬಡ್ಡಿಯ ಅರ್ಧ ತಂತ್ರವಿದೆ. ತಂಡದ ದೊಡ್ಡ ರೈಡರ್ ಸಿಕ್ಕಿಬಿದ್ದು ಹೊರಗೆ ಕೂತರೆ ಅವನ ಬೆಲೆ ಎಷ್ಟು ಕೋಟಿಯಾದರೇನು, ಆ ಹೊತ್ತಿಗೆ ಅವನೂ ಒಬ್ಬ ಪ್ರೇಕ್ಷಕ. ಅವನು ಎಷ್ಟು ಹೊತ್ತು ಹಾಗೆ ಕೂರುತ್ತಾನೆ ಎಂಬುದನ್ನು ನಿರ್ಧರಿಸುವವರು ಎರಡನೇ ರೈಡರ್ ಮತ್ತು ಹಿಡಿಯುವ ಕೈಗಳು. ಎದುರಾಳಿಗೂ ಇದು ಗೊತ್ತು. ಅದಕ್ಕೇ ದೊಡ್ಡವನನ್ನು ಒಮ್ಮೆ ಉರುಳಿಸಿದ ಮೇಲೆ ಅವರು ಆತುರಪಡುವುದಿಲ್ಲ. ರೈಡಿಗೆ ಬಂದು ಮೂವತ್ತು ಸೆಕೆಂಡು ಕಳೆದು ಹಿಂದಿರುಗುತ್ತಾರೆ. ಅವರ ಖಾಲಿ ರೈಡನ್ನು ನೋಡಿ ಹೊಸಬರು ಆಕಳಿಸುವಾಗ ಪಳಗಿದವರು ಗಡಿಯಾರ ನೋಡುತ್ತಿರುತ್ತಾರೆ.

2. ಬೇಲಿ ಕಟ್ಟುವವರು

ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಕಣದ ಅರ್ಧದಲ್ಲಿ ಏಳು ಜನ. ತುದಿಗಳಲ್ಲಿ ನಿಲ್ಲುವ ಇಬ್ಬರು ಕಾರ್ನರ್‌ಗಳು ಕಾಲಿಗೆ ಬೀಳುವವರು. ಪಾದದ ಕೀಲು, ತೊಡೆ ಅವರ ಗುರಿ. ಒಳಗಿನ ಇಬ್ಬರು ಕವರ್‌ಗಳು ಮೈಯನ್ನೇ ಗುದ್ದಿ ಹೊರದೂಡುವವರು, ಅಡ್ಡಗಟ್ಟುವವರು. ಮುಖ್ಯ ರೈಡರ್‌ಗಳು ರಕ್ಷಣೆಯ ಹೊತ್ತಿನಲ್ಲಿ ನಡುವೆ ಎಲ್ಲೋ ನಿಂತು ಸಾಧ್ಯವಾದಷ್ಟು ಮೈ ಉಳಿಸಿಕೊಳ್ಳುತ್ತಾರೆ.

ಕಾರ್ನರ್ ಕಾಲು ಹಿಡಿದಾಗ ಪಕ್ಕದ ಕವರ್ ಎಷ್ಟು ಬೇಗ ಬಂದ ಎಂದು ಗಮನಿಸಿ. ಒಬ್ಬನ ಹಿಡಿತ ಹಿಡಿತವಲ್ಲ, ಎರಡನೆಯವನು ಬಂದರೆ ಮಾತ್ರ ಅದು ಬೀಗ. ಜೋಡಿ ಕೂಡಿಬರಲು ಒಂದು ಸೀಸನ್ ಸಾಲದು. ತಂಡ ಕಟ್ಟುವುದು ನಿಧಾನದ ಕೆಲಸವೆನ್ನುವುದು ಇದಕ್ಕೇ. ರೈಡರ್‌ನನ್ನು ಒಂದು ಬೆಳಗಿನ ಹರಾಜಿನಲ್ಲಿ ಕೊಳ್ಳಬಹುದು, ಹೊಂದಾಣಿಕೆಯನ್ನು ಕೊಳ್ಳಲಾಗದು.

ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಇನ್ನು ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’. ಅಂಕ ತರಬೇಕು, ಇಲ್ಲವೇ ಔಟ್. ಆ ಮೂರನೇ ರೈಡಿಗೆ ತಂಡ ಯಾರನ್ನು ಕಳಿಸುತ್ತದೆ ನೋಡಿ. ದೊಡ್ಡವನನ್ನು ಉಳಿಸಿಕೊಂಡು ಬೇರೊಬ್ಬನನ್ನು ನಂಬಿ ಕಳಿಸುವ ತಂಡದಲ್ಲಿ ಆಳವಿದೆಯೆಂದು ತಿಳಿಯಿರಿ.

3. ಬುಲ್ಸ್ ಕಥೆ ಗೊತ್ತಿರಬೇಕು

ಲೀಗ್ ಶುರುವಾದದ್ದು 2014ರಲ್ಲಿ. ಮರುವರ್ಷವೇ ಬುಲ್ಸ್ ಫೈನಲ್ ತಲುಪಿ ಯು ಮುಂಬಾಗೆ ಸೋತಿತು. ಆ ವರ್ಷ ತಂಡದಲ್ಲಿ ಪರ್ದೀಪ್ ನರ್ವಾಲ್ ಎಂಬ ಎಳೆಯ ಹುಡುಗನಿದ್ದ. ಆಡಲು ಸಿಕ್ಕಿದ್ದು ಕೆಲವೇ ಅವಕಾಶ. ಮುಂದಿನ ಸೀಸನ್ನಿಗೆ ಅವನು ಪಟ್ನಾ ಪೈರೇಟ್ಸ್ ಸೇರಿದ. ಪಟ್ನಾ ಸಾಲಾಗಿ ಮೂರು ಕಪ್ ಗೆದ್ದಿತು. 2017ರ ಸೀಸನ್ ಒಂದರಲ್ಲೇ ಅವನು 369 ರೈಡ್ ಅಂಕ ಗಳಿಸಿದ. ಹಿಡಿಯಲು ಬಂದ ಕೈಗಳ ಕೆಳಗೆ ತೂರಿ ಪಾರಾಗುವ ಡುಬ್ಕಿಗೆ ಅವನ ಹೆಸರೇ ಅಂಟಿತು. ಬುಲ್ಸ್ ಅಭಿಮಾನಿ ಇಂದಿಗೂ ತಲೆ ಚಚ್ಚಿಕೊಳ್ಳುವುದು ಈ ಒಂದು ವಿಷಯಕ್ಕೆ.

ಕಪ್ ಬಂದದ್ದು ಆರನೇ ಸೀಸನ್ನಿನಲ್ಲಿ, 2019ರ ಜನವರಿ 5ರಂದು. ಮುಂಬೈನ ಫೈನಲ್‌ನಲ್ಲಿ ಗುಜರಾತ್ ವಿರುದ್ಧ ಮೊದಲಾರ್ಧದಲ್ಲಿ ಹಿಂದೆ ಬಿದ್ದಿದ್ದ ತಂಡ 38–33ರಿಂದ ಗೆದ್ದಿತು. ರೈಡರ್ ಪವನ್ ಸೆಹ್ರಾವತ್ ಒಬ್ಬನದೇ 22 ಅಂಕ. ಇಷ್ಟು ಕೇಳಿದರೆ ‘ಒಬ್ಬ ಗಂಡುಗಲಿ ಸಾಕು’ ಎನ್ನುವವರ ವಾದ ಗೆದ್ದಂತೆಯೇ.

ಆದರೆ ಮುಂದಿನದನ್ನೂ ನೋಡಿ. ಕಪ್ ಗೆದ್ದ ಸೀಸನ್ನಿನಲ್ಲಿ ಪವನ್ ಗಳಿಸಿದ್ದು 271 ರೈಡ್ ಅಂಕ. ಮರು ಸೀಸನ್ನಿನಲ್ಲಿ 346, ಹರಿಯಾಣ ಸ್ಟೀಲರ್ಸ್ ಎದುರಿನ ಒಂದೇ ಪಂದ್ಯದಲ್ಲಿ 39. ಅದರ ಮುಂದಿನದರಲ್ಲಿ 304. ಅವನ ಅಂಕ ಏರಿತು, ಕಪ್ ಮಾತ್ರ ಬರಲಿಲ್ಲ. ಎರಡು ಸಲವೂ ದಬಂಗ್ ಡೆಲ್ಲಿ ಸೆಮಿಫೈನಲ್‌ನಲ್ಲೇ ತಡೆಯಿತು. ಕಪ್ಪಿನ ವರ್ಷ ಅವನ ಜೊತೆ ನಾಯಕ ರೋಹಿತ್ ಕುಮಾರ್ ಇದ್ದರು, ಕಾಶಿಲಿಂಗ್ ಅಡಕೆ ಇದ್ದರು, ಕವರಿನಲ್ಲಿ ಮಹೇಂದರ್ ಸಿಂಗ್ ಇದ್ದರು. ಪವನ್ ಹೊರಗೆ ಕೂತರೆ ಒಳಗೆ ಕರೆತರುವವರಿದ್ದರು ಎಂದು ಅರ್ಥ.

2022ರ ಹರಾಜಿನಲ್ಲಿ ಪವನ್ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದ. ಬೆಂಗಳೂರಿನಲ್ಲೇ ನಡೆದ ಮೊದಲ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಆ ಸೀಸನ್ನೇ ಅವನಿಗೆ ಮುಗಿಯಿತು. ಅವನಿಲ್ಲದ ಬುಲ್ಸ್ ಮಾತ್ರ ಭರತ್ ಹೂಡಾನ ಬಲದಿಂದ ಸೆಮಿಫೈನಲ್ ತಲುಪಿತು. ಒಬ್ಬನ ಮೇಲೆ ಹೇರಿದ ಹೊರೆ ಎಷ್ಟು ಅಪಾಯದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2024ರಲ್ಲಿ ಪರ್ದೀಪ್‌ನನ್ನೇ 70 ಲಕ್ಷ ಕೊಟ್ಟು ವಾಪಸ್ ಕರೆತಂದರು. ಹಳೆಯ ತಪ್ಪು ತಿದ್ದಿದಂತಾಯಿತೆಂದು ಎಲ್ಲರೂ ಹಿಗ್ಗಿದರು. 22 ಪಂದ್ಯಗಳಲ್ಲಿ ಗೆಲುವು ಎರಡೇ. ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ. ಮರುವರ್ಷದ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ, ಅವನು ನಿವೃತ್ತಿ ಘೋಷಿಸಿದ. ಹೆಸರು ಹಳೆಯದೇ ಇದ್ದರೂ ಕಾಲಿನ ಕಸುವು ಹಳೆಯದೇ ಆಗಿರುವುದಿಲ್ಲ.

4. ಕಟ್ಟುವುದೆಂದರೆ ಏನು?

ಮೊದಲ ಸೀಸನ್ನಿನಿಂದ ಜೊತೆಗಿದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ 2025ರಲ್ಲಿ ಕನ್ನಡಿಗ ಬಿ.ಸಿ. ರಮೇಶ್ ಬಂದರು. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಹತ್ತನೇ ಸೀಸನ್ನಿನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ತಂದುಕೊಟ್ಟವರು. ಪಲ್ಟನ್ ಕಥೆಯನ್ನು ಹೊಸ ರಸಿಕರು ಬಿಡಿಸಿ ನೋಡಬೇಕು. ಅಲ್ಲಿ ರೈಡಿಂಗ್ ಹೊರೆ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಎಂಬ ಮೂವರು ಹುಡುಗರ ಹೆಗಲ ಮೇಲೆ ಹಂಚಿತ್ತು. 2.35 ಕೋಟಿಯ ದೊಡ್ಡ ದುಡ್ಡು ಹೋದದ್ದು ಇರಾನಿನ ಶಾದ್ಲೂಯಿಗೆ. ಅವನು ಮುಖ್ಯವಾಗಿ ಹಿಡಿಯುವವನು.

ಬುಲ್ಸ್‌ನಲ್ಲೂ ಅದೇ ದಾರಿ. 2025ರಲ್ಲಿ ಕೋಟಿ ಮೀರಿದ ಬೆಲೆ ಸಿಕ್ಕಿದ್ದು ಕಾರ್ನರ್ ಯೋಗೇಶ್‌ಗೆ. ಮೊದಲ ಮೂರು ಪಂದ್ಯ ಸೋತಾಗ ಚಹಾದಂಗಡಿಯಲ್ಲಿ ‘ಇನ್ನೇನು, ಹೋದ ವರ್ಷದ್ದೇ ಕಥೆ’ ಎಂದರು. ಆಮೇಲೆ ಇರಾನಿನ ಅಲಿರೆಜಾ ಮಿರ್ಜಾಯನ್ ರೈಡಿಂಗ್ ಹೊತ್ತುಕೊಂಡ, ಹಿಂದಿನವರು ಹಿಡಿತ ಬಿಗಿಮಾಡಿದರು, ಕೊನೆಯ ಸ್ಥಾನದ ತಂಡ ಪ್ಲೇಆಫ್ ತಲುಪಿತು.

ಮುಖ್ಯ ಆಟಗಾರ ಯಾರಾಗಬೇಕೆಂಬ ತಕರಾರು ನಮ್ಮದಷ್ಟೇ ಅಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವ ಕ್ವಾರ್ಟರ್‌ಬ್ಯಾಕ್ ಬಗ್ಗೆ ಅಲ್ಲಿಯವರೂ ಹೀಗೆಯೇ ಕಚ್ಚಾಡುತ್ತಾರೆ. ಗ್ರೀನ್ ಬೇ ತಂಡ 2005ರಲ್ಲಿ ಆರಿಸಿಕೊಂಡ ಆರನ್ ರಾಜರ್ಸ್‌ನನ್ನು ಹಿರಿಯ ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕೂರಿಸಿ, 2008ರಲ್ಲಿ ಆಟ ಒಪ್ಪಿಸಿತು. ಎಳೆಯನನ್ನು ಕಾಯ್ದುಕೊಳ್ಳುವ ಆ ತಾಳ್ಮೆ 2015ರ ಬುಲ್ಸ್‌ಗೆ ಇದ್ದಿದ್ದರೆ? ಈ ಪ್ರಶ್ನೆಯನ್ನು ಚಹಾದಂಗಡಿಯಲ್ಲಿ ಎಸೆದು ನೋಡಿ. ಸಂಜೆ ಕಳೆದದ್ದೇ ತಿಳಿಯುವುದಿಲ್ಲ.

5. ವಾದದ ಮೂರು ಪಂಗಡ

ಒಂದು, ಗಂಡುಗಲಿ ಪಂಗಡ. ‘ಒಬ್ಬ ಪವನ್ ಸಿಗಲಿ, ಮಿಕ್ಕಿದ್ದು ಆಮೇಲೆ’ ಎನ್ನುತ್ತಾರೆ. ಫೈನಲ್‌ನ 22 ಅಂಕ ಇವರ ಅಸ್ತ್ರ. ಎರಡು, ಬೇಲಿ ಪಂಗಡ. ಕಾರ್ನರ್, ಕವರ್ ಭದ್ರವಾಗಲಿ ಎನ್ನುತ್ತಾರೆ. ಮೂರು, ನಮ್ಮವರ ಪಂಗಡ. ‘ಬೆಂಗಳೂರಿನ ಹೆಸರಿಟ್ಟುಕೊಂಡ ತಂಡದಲ್ಲಿ ಕನ್ನಡದ ಹುಡುಗರೆಲ್ಲಿ?’ ಎಂಬುದು ಇವರ ಹಳೇ ಪ್ರಶ್ನೆ. ಸುಕೇಶ್ ಹೆಗ್ಡೆ ನಾಯಕನಾಗಿ ಫೈನಲ್‌ಗೆ ಮುಟ್ಟಿಸಿದ್ದು ಗುಜರಾತನ್ನು, ಪ್ರಶಾಂತ್ ಕುಮಾರ್ ರೈ ಮುಟ್ಟಿಸಿದ್ದು ಪಟ್ನಾವನ್ನು. ಈ ಕೊರಗನ್ನು ಬರೀ ಭಾವುಕತೆಯೆಂದು ತಳ್ಳಬೇಡಿ. ಊರಿನ ಹುಡುಗರಿಗೆ ಬಾಗಿಲು ತೆರೆಯುವುದೂ ತಂಡ ಕಟ್ಟುವ ಕೆಲಸವೇ.

ಹರಾಜು ಮುಗಿದ ಮಾರನೇ ದಿನ ಈ ಮೂರೂ ಪಂಗಡ ಒಂದೇ ಪಟ್ಟಿ ಹಿಡಿದು ಕೂರುತ್ತವೆ. ದಸರೆಯಲ್ಲಿ ನಮ್ಮೂರ ಮೈಲಾರಲಿಂಗೇಶ್ವರನ ಕಾರ್ಣಿಕ ನುಡಿದ ಮೇಲೆ ರೈತನಿಗೆ ಮಳೆ ಕಂಡಂತೆ, ರಾಜಕಾರಣಿಗೆ ಕುರ್ಚಿ ಕಂಡಂತೆ, ಆ ಪಟ್ಟಿಯಲ್ಲಿ ಅವರವರಿಗೆ ಬೇಕಾದ್ದು ಕಾಣುತ್ತದೆ. ನೀವು ಎಲ್ಲರದ್ದನ್ನೂ ಕೇಳಿಸಿಕೊಳ್ಳಿ, ಬೆಲೆಯ ಜೊತೆಗೆ ಜಾಗವನ್ನೂ ಓದಿ. ಎಡ ಕಾರ್ನರ್ ಯಾರು, ಎರಡನೇ ರೈಡರ್ ಯಾರು, ಎಳೆಯರು ಎಷ್ಟು ಮಂದಿ ಎಂದು ಬೆರಳು ಮಡಿಸಿ.

6. ಅಭ್ಯಾಸ ಎಲ್ಲಿ?

ಟಿವಿಯ ಕ್ಯಾಮೆರಾ ರೈಡರ್‌ನ ಹಿಂದೆಯೇ ಓಡುತ್ತದೆ. ಕಣ್ಣು ಪಳಗಬೇಕಾದರೆ ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗೆ ಹೋಗಿ. ಕಡೂರಾಗಲಿ, ತರೀಕೆರೆಯಾಗಲಿ, ಅಜ್ಜಂಪುರವಾಗಲಿ, ಅಂಕಣದ ಕೊನೆಗೆರೆಯ ಹಿಂದೆ ನಿಲ್ಲಿ. ಪಕ್ಕದಲ್ಲಿ ನಿಂತರೆ ಓಟ ಕಾಣುತ್ತದೆ, ಹಿಂದೆ ನಿಂತರೆ ಬೇಲಿ ಹೇಗೆ ಹಿಗ್ಗಿ ಕುಗ್ಗುತ್ತದೆಂದು ಕಾಣುತ್ತದೆ. ಹೊರ ಊರಿನಿಂದ ದುಡ್ಡು ಕೊಟ್ಟು ಕರೆಸಿದ ರೈಡರ್ ಮೊದಲ ಹತ್ತು ನಿಮಿಷ ಮೆರೆದು, ಆಮೇಲೆ ಹೊರಗೆ ಕೂತು, ಅವನನ್ನು ಎಬ್ಬಿಸಲಾಗದೆ ತಂಡ ಆಲ್‌ಔಟ್ ಆಗುವುದನ್ನು ಒಮ್ಮೆ ನೋಡಿದರೆ ಸಾಕು, ಲೀಗಿನ ಅರ್ಥಶಾಸ್ತ್ರವೂ ತಿಳಿದೀತು.

ಇಷ್ಟಾದ ಮೇಲೆ ಚಹಾದಂಗಡಿಗೆ ಬನ್ನಿ. ‘ಮುಂದಿನ ಸೀಸನ್‌ಗೆ ನಮ್ಮ ಮೇನ್ ರೈಡರ್ ಯಾರಾಗ್ಬೇಕು, ನೀವೇ ಹೇಳಿ ಸಾರ್’ ಎಂದು ಯಾರಾದರೂ ಕೆಣಕಿದರೆ ಹೆಸರು ಹೇಳಲು ಹೋಗಬೇಡಿ. ‘ಯಾರಾದ್ರೂ ಆಗ್ಲಿ, ಅವನು ಔಟಾದ್ರೆ ಎಬ್ಬಿಸೋರು ಯಾರು ಅಂತ ಮೊದ್ಲು ಹೇಳ್ರೀ’ ಎಂದು ಕೇಳಿ. ಅಲ್ಲಿಂದ ಮುಂದೆ ಬೆಂಚಿನ ನಡುವೆ ನಿಮಗೂ ಜಾಗ ಬಿಡುತ್ತಾರೆ.