ಹಳೆಯ ಕಾರನ್ನು ಕಳಿಸಿಕೊಡುವ ಬಗೆ

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತಾದರೂ, ಅದನ್ನು ಮನೆಯ ಮೊದಲ ಕಾರಾಗಿ ಕೊಂಡಿದ್ದ ಕುಟುಂಬಗಳಲ್ಲಿ ಅದರ ಬೀಳ್ಕೊಡುಗೆ ಇಂದಿಗೂ ನಡೆಯುತ್ತಲೇ ಇದೆ. 1997ರ ಆಗಸ್ಟಿನಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮೊದಲು ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯಂಥ ಊರುಗಳಿಗೆ ಬಂದ ಇಂಥ ಹಲವು ಕಾರುಗಳ ಮೇಲೆ ಧಾರವಾಡದ ಕೆಎ-25 ಸಂಖ್ಯೆ ಇರುತ್ತದೆ; ರಾಜ್ಯದೊಳಗೆ ಮಾಲೀಕರು ಎಷ್ಟು ಬಾರಿ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ, ಆ ತಾಲ್ಲೂಕು ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದ ಗುರುತನ್ನು ಅವು ಈಗಲೂ ಹೊತ್ತು ತಿರುಗುತ್ತವೆ.

ಪ್ರೀತಿಯ ಕಾರನ್ನು ಬಿಟ್ಟುಕೊಡಲು ಕಾರಣಗಳು ಹಲವು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. 600 ರೂಪಾಯಿ ಇದ್ದ ಈ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. ಇಂಧನದ ತೊಡಕೂ ಸಣ್ಣದಲ್ಲ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರ್ ಇದ್ದ ಕಾಲದ ಕಾರುಗಳ ರಬ್ಬರ್ ಕೊಳವೆಗಳು ಶೇ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗಾಗಿ ಮಾಡಿದವಲ್ಲ. ಅವು ಬೇಗ ಗಡುಸಾಗಿ ಬಿರುಕು ಬಿಡುವ ಸಂಭವವಿದ್ದು, ಸಕಾಲಕ್ಕೆ ಬದಲಾಯಿಸದಿದ್ದರೆ ಸೋರಿಕೆಗೆ ದಾರಿಯಾಗುತ್ತದೆ.

2024ರ ನವೆಂಬರಿನಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯ ರೈತ ಕುಟುಂಬವೊಂದು, ತಮ್ಮ ಏಳಿಗೆಗೆ ಕಾರಣವೆಂದು ನಂಬಿದ್ದ ವ್ಯಾಗನ್ ಆರ್ ಕಾರನ್ನು ಹೂವಿನಿಂದ ಅಲಂಕರಿಸಿ, ಊರಿನವರನ್ನು ಕರೆದು, ತಮ್ಮ ಹೊಲದಲ್ಲೇ ಮಣ್ಣು ಮಾಡಿತು. ಆ ಕೃತಜ್ಞತೆ ಗೌರವಕ್ಕೆ ಅರ್ಹವಾದದ್ದು. ಆದರೂ ಓಡಬಲ್ಲ ಕಾರಿಗೆ ಸಲ್ಲಬೇಕಾದ ಮರ್ಯಾದೆ ಬೇರೆಯೇ ಇದೆ: ಎತ್ತು ಮಾರುವ ರೈತ ಅದರ ನಡೆ, ಗುಣ, ಹಟಗಳನ್ನೆಲ್ಲ ಹೇಳಿ ಹಗ್ಗ ಕೈಗಿಡುವಂತೆ, ಮಾಲೀಕನಾದವನು ವರ್ಷಗಳ ಒಡನಾಟದಲ್ಲಿ ಆ ಯಂತ್ರದ ಬಗ್ಗೆ ಕಲಿತುದನ್ನೆಲ್ಲ ಕಾರಿನ ಜೊತೆಗೇ ದಾಟಿಸಬೇಕು.

ಅದಕ್ಕೆ ಬೇಕಾದದ್ದು ಒಂದು ಕೊನೆಯ ಪಯಣ, ಮತ್ತು ಅದಕ್ಕೆ ಕದರಮಂಡಲಗಿಯಷ್ಟು ಒಪ್ಪುವ ಊರು ಇನ್ನೊಂದಿಲ್ಲ. ಇಲ್ಲಿಯ ಕಾಂತೇಶ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮರ ದರ್ಶನವನ್ನು ಒಂದೇ ದಿನದಲ್ಲಿ ಪಡೆದರೆ ವಿಶೇಷ ಪುಣ್ಯವೆಂಬುದು ಭಕ್ತರ ನಂಬಿಕೆ. ಮುಂಜಾನೆಯ ತಂಪಿನಲ್ಲಿ ಎಂಜಿನ್ ಎಷ್ಟು ಚೋಕ್ ಬೇಡುತ್ತದೆ (ಚೋಕ್ ಎಂದರೆ ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಸಾಧನ), ಏರಿನಲ್ಲಿ 796 ಸಿಸಿಯ ಮೂರು ಸಿಲಿಂಡರುಗಳು ಯಾವ ಗೇರಿನಲ್ಲಿ ನಿರಾಳವಾಗಿ ಎಳೆಯುತ್ತವೆ, ಮಧ್ಯಾಹ್ನದ ಬಿಸಿಲಲ್ಲಿ ಉಷ್ಣಮಾಪಕದ ಮುಳ್ಳು ಎಲ್ಲಿಯವರೆಗೆ ಹೋಗುತ್ತದೆ ಎಂಬುದೆಲ್ಲ ಹಳ್ಳಿ, ಪೇಟೆ, ಹೆದ್ದಾರಿಗಳನ್ನು ಹಾಯುವ ಇಂಥ ದೀರ್ಘ ಸುತ್ತಿನಲ್ಲಿ ಒಂದಾದಮೇಲೊಂದು ತಿಳಿದುಬರುತ್ತದೆ, ಅವನ್ನು ಬರೆದಿಟ್ಟುಕೊಳ್ಳಬೇಕು.

ಮರಳಿದ ಮೇಲೆ ಕಾರಿನ ಅಡಿಭಾಗವನ್ನು ನೋಡುವುದು ಅಗತ್ಯ. ಕಡಲಿನ ಉಪ್ಪುಗಾಳಿ ತಾಗದ ಈ ಸೀಮೆಯಲ್ಲಿ ಕಾರಿನ ತಗಡು ಕರಾವಳಿಯದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಆದರೆ ಚಕ್ರದ ಮೇಲಿನ ಕಮಾನಿನೊಳಗೆ ಮೆತ್ತಿಕೊಂಡ ಎರೆಮಣ್ಣು ತೇವವನ್ನು ಹಿಡಿದಿಟ್ಟು ಅಲ್ಲಿಂದಲೇ ತುಕ್ಕು ಶುರುಮಾಡುತ್ತದೆ. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿ ಹೊಟ್ಟು, ಬಳ್ಳಿಗಳು ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಇವನ್ನು ಬಿಡಿಸಿ, ತೊಳೆದು, ಕಂಡ ತುಕ್ಕನ್ನು ಬಣ್ಣದಡಿ ಮುಚ್ಚದೆ ಕೊಳ್ಳುವವರಿಗೆ ತೋರಿಸುವುದೇ ಪ್ರಾಮಾಣಿಕ ಮಾರಾಟ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಭಾವುಕತೆಗೆ ಎಡೆ ಇರಬಾರದು. ಮಾರಿದವರು ವರ್ಗಾವಣೆಯ ಸೂಚನೆಯಾದ ನಮೂನೆ 29ನ್ನು 14 ದಿನದೊಳಗೆ ಸಾರಿಗೆ ಕಚೇರಿಗೆ ಮುಟ್ಟಿಸಬೇಕು. ಹೆಸರು ಬದಲಾವಣೆಯ ಅರ್ಜಿ ನಮೂನೆ 30. ನಂಬಿಕೆಯ ಮೇಲೆ ಕೀಲಿ ಕೊಟ್ಟು ಸುಮ್ಮನಾಗುವ ರೂಢಿ ಹಳ್ಳಿಗಳಲ್ಲಿ ಸಾಮಾನ್ಯ. ಆದರೆ ಕಾರು ಕೈಬದಲಾದರೂ ದಾಖಲೆಯಲ್ಲಿ ಹೆಸರು ಯಾರದಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಫಾಸ್ಟ್ಯಾಗ್ ಖಾತೆಯನ್ನೂ ಮಾರಿದ ದಿನವೇ ಮುಚ್ಚಿಸಬೇಕು. ವಿಮಾ ಪರಿಹಾರ ಕೇಳದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿ ಕಾರಿಗೆ ಸೇರಿದ್ದಲ್ಲವಾದ್ದರಿಂದ, ಅದರ ಪತ್ರವನ್ನು ವಿಮಾ ಕಂಪನಿಯಿಂದ ಪಡೆದಿಟ್ಟುಕೊಂಡರೆ ಮುಂದಿನ ಕಾರಿಗೆ ಬಳಸಬಹುದು.

ಇನ್ನು ಓಡಲಾರದ ಕಾರು ಗುಜರಿಗೇ ಹೋಗಬೇಕೆಂದಾದರೆ, 2021ರ ನಿಯಮಗಳಂತೆ ನೋಂದಾಯಿತ ಘಟಕಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯುವುದು ಮೇಲು. ಹೊಸ ಕಾರಿನ ತೆರಿಗೆಯಲ್ಲಿ ರಿಯಾಯಿತಿ ಕೇಳಲು ಆ ಪತ್ರವೇ ಆಧಾರ.